ಹಳೇ ರಂದಾ ರಿಪೇರಿ: ಆಚಾರ್ರನ್ನು ಕೇಳಿ

ಡೊಂಬಿವಲಿ ಭಟ್ರು: ಆಚಾರ್ರೇ, ನಮಸ್ಕಾರ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಸ್ಟಾನ್ಲಿ ಕಂಪನಿಯ 4 ನಂಬರ್ ರಂದಾ (ಮರ ಹೆರೆದು ನಯ ಮಾಡುವ ಸಾಧನ) ಸಿಕ್ಕಿತು, ಇಂಗ್ಲೆಂಡಿನದು. ತುಕ್ಕು ತೆಗೆದೆ, ಬ್ಲೇಡ್ ಮಸೆದೆ. ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತ ಇದೆ. ಆದರೂ ಸಾಗುವಾನಿ ಮೇಲೆ ತಳ್ಳಿದರೆ ಟರ್ರ್ ಅಂತ ನಡುಗುತ್ತದೆ, ಹೆರೆ (ಮರದ ಸುರುಳಿ ಸಿಪ್ಪೆ) ತಳದ ಸೀಳಿನಲ್ಲೇ, ಅಂದರೆ ಬಾಯಲ್ಲೇ, ಮಡಚಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ಫೋಟೊ ಹಾಕಿದ್ದೇನೆ.

ಮುಲುಂಡ್ ಅಕ್ಕ: ಅಪ್ಪನ ರಂದಾ ಲಾಫ್ಟಿನಲ್ಲಿತ್ತು, ಪೂರಾ ತುಕ್ಕು. ಹೇಗೆ ತೆಗೆಯೋದು?

ಆಚಾರ್ರು: ಅಕ್ಕ, ಮೊದಲು ಎಲ್ಲ ಬಿಚ್ಚಿ. ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಕಬ್ಬಿಣದ ಭಾಗ ಮಾತ್ರ ಮುಳುಗಿಸಿ. ಮರದ ಹಿಡಿ, ಹಿತ್ತಾಳೆ ನಟ್ ಬೇಡ. ಗಂಟೆಗೊಮ್ಮೆ ತೆಗೆದು ಬ್ರಶ್ ಹಾಕಿ ನೋಡಿ, ರಾತ್ರಿಯಿಡೀ ಬಿಡಬೇಡಿ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಒರೆಸಿ, ಹೇರ್ ಡ್ರೈಯರ್ ಹಿಡಿದು ಹೊಲಿಗೆ ಮೆಷಿನ್ ಎಣ್ಣೆ ಸವರಿ. ಹಳೇ ಪೇಂಟನ್ನು ಒಣದಾಗಿ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಬ್ಲೇಡ್ ಏರಿಸಿ ಇಳಿಸುವ ಹಿತ್ತಾಳೆ ನಟ್ ಉಲ್ಟಾ ಥ್ರೆಡ್ಡಿನದು. ಬಲ ಹಾಕಿ ಹಾಳು ಮಾಡಿಕೊಳ್ಳಬೇಡಿ.

ವಸಯಿ ಶೆಟ್ರು: (ಫಾರ್ವರ್ಡ್) ಟಾಯ್ಲೆಟ್ ಕ್ಲೀನರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಹೊಸದರಂತೆ ಹೊಳೆಯುತ್ತದೆ. ಎಲ್ಲರಿಗೂ ಕಳಿಸಿ.

ಆಚಾರ್ರು: ಶೆಟ್ರೇ, ಇದನ್ನು ಈಗಲೇ ಅಳಿಸಿ. ಆ ಕ್ಲೀನರಿನಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚಿಂಗ್ ಪೌಡರಿಗೆ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಂಬಯಿ ಫ್ಲಾಟಿನ ಬಾತ್‌ರೂಮಿನಲ್ಲಿ ಯಾರಾದರೂ ಮಾಡಿದರೆ ಜೀವಕ್ಕೇ ಅಪಾಯ. ಕಬ್ಬಿಣವನ್ನೂ ತಿನ್ನುತ್ತದೆ, ತೊಳೆದ ಸ್ವಲ್ಪ ಹೊತ್ತಿಗೇ ಮತ್ತೆ ಕೆಂಪು ತುಕ್ಕು ಬರುತ್ತದೆ.

ವಸಯಿ ಶೆಟ್ರು: ತುಂಬ ಜನ ಮಾಡಿದ್ದಾರಂತೆ ಮಾರಾಯ್ರೆ.

ಆಚಾರ್ರು: ಅಳಿಸಿ.

ಠಾಣೆ ಹೆಗಡೆ: ತುಕ್ಕು ತೆಗೆಯಲು ಯಾವುದು ಒಳ್ಳೇದು ಸರ್?

ಆಚಾರ್ರು: ಮೇಲೆ ಬರೆದಿದ್ದೇನೆ.

ಆಚಾರ್ರು: ಭಟ್ರೇ, ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಹರಿತ ಇದ್ದೂ ನಡುಗುತ್ತಿದೆ ಎಂದರೆ ಬ್ಲೇಡಿಗೆ ಆಧಾರ ಸಾಲುತ್ತಿಲ್ಲ. ಮೊದಲು ಬ್ಲೇಡಿಗೆ ಚಿಪ್ ಬ್ರೇಕರ್, ಅಂದರೆ ಬ್ಲೇಡಿನ ಮೇಲೆ ಕೂರುವ ಇನ್ನೊಂದು ಪಟ್ಟಿ, ಬಿಗಿದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಹೆರೆ ಅಲ್ಲಿಗೇ ನುಗ್ಗುತ್ತದೆ, ನಿಮಗೆ ಆಗುತ್ತಿರುವ ಹಾಗೆ ಮಡಚಿಕೊಳ್ಳುತ್ತದೆ. ಚಿಪ್ ಬ್ರೇಕರಿನ ತುದಿಯನ್ನು, ಹಿಂಭಾಗ ಕಲ್ಲಿನ ಅಂಚಿಗಿಂತ ತುಸು ಕೆಳಗೆ ಹಿಡಿದು ಮಸೆಯಿರಿ, ಆಗ ತುದಿಯೊಂದೇ ಬ್ಲೇಡಿಗೆ ಕೂರುತ್ತದೆ. ಬ್ಲೇಡಿನ ಅಂಚಿನಿಂದ ಒಂದು ಮಿಲಿಮೀಟರ್ ಹಿಂದೆ ಬಿಗಿಯಿರಿ. ಮರದ ನಾರು ರಂದಾಕ್ಕೆ ಎದುರಾಗಿ (ಎದುರುನಾರು) ಇದ್ದರೆ ಅರ್ಧ ಮಿಲಿಮೀಟರ್ ಸಾಕು.

ಎರಡನೆಯದು ಫ್ರಾಗ್, ಅಂದರೆ ಬ್ಲೇಡ್ ಒರಗುವ ಇಳಿಜಾರು ತುಂಡು. ಅದನ್ನು ತುಂಬ ಮುಂದೆ ಸರಿಸಿದ್ದೀರಿ. ಬಾಯಿಯ ಹಿಂದಿನ ಅಂಚಿಗೆ ಸಮ ಇಡಿ. ಅದರ ಕೆಳಗೆ ಪೇಂಟ್ ಗಟ್ಟಿ ಇದ್ದರೆ ಕೆರೆದು ತೆಗೆಯಿರಿ.

ನನ್ನ ತಲೆ ಕೊರೆಯುತ್ತಿರುವುದು ಮೂರನೆಯ ಫೋಟೊ. ಬಾಯಿಯ ಬಲಮೂಲೆಯಿಂದ ರಂದಾದ ಪಕ್ಕದ ಗೋಡೆಗೆ ಒಂದು ಕಪ್ಪು ಗೆರೆ ಹತ್ತಿದೆ. ಗೀರು ಆಗಿರಬಹುದು, ಬಿರುಕೂ ಆಗಿರಬಹುದು. ಆ ಜಾಗ ಚೆನ್ನಾಗಿ ಒರೆಸಿ, ಸೀಮೆಎಣ್ಣೆ ಸವರಿ ಹದಿನೈದು ನಿಮಿಷ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಡಬ್ಲ್ಯೂಡಿ-40 ನಡೆಯುತ್ತದೆ. ಹತ್ತಿರ ಬೆಂಕಿ ಬೇಡ. ಪೂರ್ತಿ ಒರೆಸಿ ಒಣಗಿಸಿ ಚಾಕ್ ಪುಡಿ ಉದುರಿಸಿ. ಬಿರುಕಾದರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಅಲ್ಲಿಯವರೆಗೆ ತಳ ಉಜ್ಜಬೇಡಿ.

ಕೊಥ್ರೂಡ್ ಪಾಟೀಲ: ಕಬ್ಬಿಣದ್ದು ಯಾಕ ಬೇಕ್ರಿ? ನಮ್ಮ ಬಡಿಗ್ಯಾರು ಮರದ ರಂದಾದಾಗ ಎಂಥೆಂಥಾ ಬಾಗಲಾ ಮಾಡ್ಯಾರ.

ಅಂಧೇರಿ ಕಾಮತ್: ಮುಂಬಯಿ ಮಳೆಗಾಲದಲ್ಲಿ ಮರದ ರಂದಾ ತಿರುಚುತ್ತದೆ. ಪುಣೆಯಲ್ಲಿ ಕೂತು ಹೇಳುವುದು ಸುಲಭ.

ಕೊಥ್ರೂಡ್ ಪಾಟೀಲ: ತಿರುಚಿದ್ರ ತಳ ಹೆರೆದು ಸಮ ಮಾಡ್ಕೋಬಹುದು. ನಿಮ್ಮ ಕಬ್ಬಿಣ ಒಮ್ಮೆ ಬಿದ್ರ ಮುಗೀತು.

ಅಂಧೇರಿ ಕಾಮತ್: ನೀವು ಕೆಲಸ ಮಾಡಿದ್ದೀರೋ, ಮಾತು ಮಾತ್ರವೋ?

ಕೊಥ್ರೂಡ್ ಪಾಟೀಲ: ಬಡಿಗ್ಯಾರ ಮನ್ಯಾಗ ಹುಟ್ಟೀನ್ರಿ. ನಿಮ್ಮಂಗ ವಿಡಿಯೊ ನೋಡಿ ಕಲ್ತಿಲ್ಲ.

ಪನವೇಲ್ ನಾಯಕ್: ರೆಕಾರ್ಡ್ ಕಂಪನಿಯ 5 ನಂಬರ್ ರಂದಾ ಇದೆ, ಶೆಫೀಲ್ಡಿನದು. ಎಷ್ಟಕ್ಕೆ ಹೋಗಬಹುದು?

ಮುಲುಂಡ್ ಅಕ್ಕ: ಆಚಾರ್ರೇ, ಸ್ಯಾಂಡ್‌ಪೇಪರಿನಲ್ಲಿ ರಂದಾದ ತಳ ಉಜ್ಜುವಾಗ ಬ್ಲೇಡ್ ತೆಗೆದಿಡಬೇಕಾ?

ಆಚಾರ್ರು: ಬೇಡ ಅಕ್ಕ. ಬ್ಲೇಡ್ ಹಿಂದೆ ಎಳೆದು ಬಿಗಿದೇ ಇರಲಿ. ಬಿಗಿದಾಗ ಬಾಡಿ ತುಸು ಬಾಗುತ್ತದೆ, ಕೆಲಸ ಮಾಡುವಾಗಲೂ ಹಾಗೇ ಇರುತ್ತದೆ. ದಪ್ಪ ಗಾಜಿನ ಮೇಲೆ 120ರ ಪೇಪರ್ ಅಂಟಿಸಿ, ತಳಕ್ಕೆ ಪೆನ್ಸಿಲ್ ಗೀಚಿ ಉಜ್ಜಿ. ಮುಂತುದಿ, ಬಾಯಿಯ ಮುಂಭಾಗ, ಹಿಂತುದಿ, ಈ ಮೂರು ಕಡೆ ಗೀಚು ಮಾಸಿದರೆ ನಿಲ್ಲಿಸಿ. ಅಪ್ಪನ ರಂದಾ ಅಂದಿರಿ, ಹಿಡಿಯ ಮೇಲಿನ ಅವರ ಕೈಯ ಮೆರುಗನ್ನು ಉಜ್ಜಿ ತೆಗೆಯಬೇಡಿ. ಎಣ್ಣೆ ಒರೆಸಿದರೆ ಸಾಕು.

ಡೊಂಬಿವಲಿ ಭಟ್ರು: ಆಚಾರ್ರೇ, ಗೆರೆ ಮೂಡಿತು. ಮೂಲೆಯಿಂದ ಗೋಡೆಯ ಅರ್ಧದವರೆಗೆ. (ಫೋಟೊ)

ವಸಯಿ ಶೆಟ್ರು: ಕುರ್ಲಾದಲ್ಲಿ ವೆಲ್ಡಿಂಗ್ ಮಾಡಿಸಿ, ಹತ್ತು ನಿಮಿಷದ ಕೆಲಸ.

ಆಚಾರ್ರು: ಶೆಟ್ರೇ, ಇದು ಬೀಡು ಕಬ್ಬಿಣ, ಕಿಟಕಿ ಗ್ರಿಲ್ ಅಲ್ಲ. ಹಾಗೇ ವೆಲ್ಡಿಂಗ್ ಹೊಡೆದರೆ ಬೇಗ ಆರಿ ಪಕ್ಕದಲ್ಲೇ ಗಾಜಿನಂತೆ ಪೆಡಸಾಗಿ ಇನ್ನೊಂದು ಬಿರುಕು ಬಿಡುತ್ತದೆ. ಇಡೀ ಬಾಡಿ ಕಾಯಿಸಿ, ನಿಕ್ಕಲ್ ರಾಡ್ ಹಾಕಿ, ನಿಧಾನ ಆರಿಸಬೇಕು. ಅಷ್ಟು ಮಾಡಿದರೂ ತಳ ಸೊಟ್ಟಗಾಗುವ ಭಯ ಇದ್ದೇ ಇದೆ. ಗೊತ್ತಿಲ್ಲದ ಸಲಹೆ ಕೊಟ್ಟು ಜನರ ದುಡ್ಡು ಕಳೆಯಬೇಡಿ.

ವಸಯಿ ಶೆಟ್ರು: ನಿಮಗೊಬ್ಬರಿಗೇ ಗೊತ್ತಿರುವುದಾ?

ಅಂಧೇರಿ ಕಾಮತ್: ಪಾಟೀಲರೇ, ವಿಡಿಯೊ ಅಂದದ್ದು ವಾಪಸ್ ತಗೊಳ್ಳಿ.

ಅಡ್ಮಿನ್: ಇಬ್ಬರೂ ಬೇರೆ ಕಡೆ ಜಗಳ ಆಡಿ. ಇನ್ನೊಂದು ಮೆಸೇಜ್ ಬಂದರೆ ತೆಗೆಯುತ್ತೇನೆ.

ಆಚಾರ್ರು: ಭಟ್ರೇ, ಈ ಬಾಡಿಯ ಆಸೆ ಬಿಡಿ. ಬ್ಲೇಡ್ ಬಿಗಿದಷ್ಟೂ ಬಿರುಕು ಬಿಚ್ಚಿಕೊಳ್ಳುತ್ತದೆ, ನಡುಗುವುದು ನಿಲ್ಲುವುದಿಲ್ಲ. ಬ್ಲೇಡ್, ಚಿಪ್ ಬ್ರೇಕರ್, ಫ್ರಾಗ್, ಬ್ಲೇಡನ್ನು ಅದುಮಿ ಹಿಡಿಯುವ ಲಿವರ್ ಕ್ಯಾಪ್, ಹಿಡಿ ಎಲ್ಲ ಚೆನ್ನಾಗಿವೆ, ಎತ್ತಿಡಿ. ಸ್ಕ್ರೂ ಒಂದೂ ಕಳೆಯಬೇಡಿ. ಸ್ಟಾನ್ಲಿಯ ಥ್ರೆಡ್ ಬೇರೆ, ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ. ಇನ್ನೊಂದು 4 ನಂಬರಿನ ಬಾಡಿ ಹುಡುಕಿ. ಫ್ರಾಗ್ ಕೂರುವ ಜಾಗ ಆಯಾ ಕಾಲದ ಮಾಲಿನಲ್ಲಿ ಬೇರೆ ಬೇರೆ ಇರುತ್ತದೆ, ಅದಕ್ಕೆ ನಿಮ್ಮ ಫ್ರಾಗನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ಕೂರಿಸಿ ನೋಡಿ. ಶುಕ್ರವಾರ ಮಟನ್ ಸ್ಟ್ರೀಟಿನ ಅಂಗಡಿಗಳು ಮುಚ್ಚಿರುತ್ತವೆ, ಬೇರೆ ದಿನ ಹೋಗಿ. ಪುಣೆ ಕಡೆ ಹೋದರೆ ಜುನಾ ಬಜಾರ್ ಬುಧವಾರ, ಭಾನುವಾರ. ಚಾಕ್ ಒಂದು ತುಂಡು ಇಟ್ಟುಕೊಳ್ಳಿ.

ನೆರೂಲ್ ರಾವ್: ತುಕ್ಕಿಗೆ ಕೋಕಾಕೋಲಾ ನಡೆಯುತ್ತಾ?