ವೈಟ್ ಮೌಂಟನ್ಸ್‌ನಲ್ಲಿ ಫಾಲ್ ಕಲರ್ಸ್ ನೋಡಲು ಯಾವ ಬೆಟ್ಟ ಹತ್ತಬೇಕು?

ಸಹನಾ:
ಅಪ್ಪ ಅಮ್ಮ ಬಂದಿದ್ದಾರೆ. ಎಲೆ ಉದುರುವ ಮುಂಚೆ ಮರಗಳು ಬಣ್ಣ ತಿರುಗುವುದನ್ನು ನೋಡಲು ಅಕ್ಟೋಬರ್ ಮೊದಲೆರಡು ವಾರದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ವೈಟ್ ಮೌಂಟನ್ಸ್ ಬೆಟ್ಟಗಳಿಗೆ ಹೋಗುವ ಯೋಚನೆ ಇದೆ. ಸುಮ್ನೆ ಕಾರಲ್ಲಿ ಕೂತು ನೋಡುವುದು ಬೇಡ, ಸ್ವಲ್ಪ ನಡೆಯಬೇಕು ಅಂತ ಅಪ್ಪನ ಆಸೆ. ಅವರಿಗೆ 66, ದಿನಾ ವಾಕಿಂಗ್ ಮಾಡುತ್ತಾರೆ. ಅಮ್ಮನಿಗೆ ಬೆಟ್ಟ ಇಳಿಯುವಾಗ ಮಂಡಿ ನೋಯುತ್ತದೆ. ನಮ್ಮ ಮನೆಯವರು ಮಾತ್ರ ಅಲ್ಲಿನ ಎತ್ತರದ ಬೆಟ್ಟಸಾಲು ಫ್ರಾಂಕೋನಿಯಾ ರಿಡ್ಜ್ ಹತ್ತಲೇಬೇಕು ಅಂತ ಹಟ ಹಿಡಿದಿದ್ದಾರೆ. ಎತ್ತರಕ್ಕೆ ಹೋದಷ್ಟೂ ಬಣ್ಣ ಚೆನ್ನಾಗಿ ಕಾಣುತ್ತದೆ ಅಲ್ವಾ ಅನ್ನುತ್ತಾರೆ. ಹೌದಾ?

ರಾಘು:
ಇಲ್ಲ ಸಹನಾ ಅವರೇ, ಉಲ್ಟಾ. ಮೇಪಲ್, ಬರ್ಚ್, ಬೀಚ್ ಮರಗಳೆಲ್ಲ ಜಾಸ್ತಿ ಇರುವುದು ಕೆಳಗಿನ ಇಳಿಜಾರಿನಲ್ಲಿ. ಸುಮಾರು 2,500 ಅಡಿ ದಾಟಿದ ಮೇಲೆ ನಿಧಾನಕ್ಕೆ ಸ್ಪ್ರೂಸ್, ಫರ್ ಶುರುವಾಗುತ್ತವೆ. ಅವು ವರ್ಷವಿಡೀ ಹಸಿರು. ಇನ್ನೂ ಮೇಲೆ ಬರೀ ಬಂಡೆ, ಗಾಳಿ. ರಿಡ್ಜ್ ಅದ್ಭುತವಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ನಿಂತರೆ ಬಣ್ಣ ಎಲ್ಲೋ ದೂರದಲ್ಲಿ ಕಾಣುತ್ತದೆ. ಅದಕ್ಕೋಸ್ಕರ ಒಂಬತ್ತು ಮೈಲಿಯ ಆಸುಪಾಸು ನಡೆದು, 3,800 ಅಡಿ ಏರಿ ಇಳಿಯಬೇಕು. ಅಮ್ಮನ ಮಂಡಿಯ ಗತಿ?

ಬಣ್ಣದ ಕಾಡು ಕಾಲ ಕೆಳಗಿರಬೇಕು, ನಾವು ಅದಕ್ಕಿಂತ ಸ್ವಲ್ಪವೇ ಮೇಲಿರಬೇಕು. ಹಾಗಾಗಿ ನನ್ನ ಓಟು ಮೌಂಟ್ ವಿಲ್ಲರ್ಡ್‌ಗೆ. ಕ್ರಾಫರ್ಡ್ ನಾಚ್ ಅನ್ನುವ ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಹಳೇ ರೈಲು ನಿಲ್ದಾಣದ ಹತ್ತಿರ ಹಾದಿ ಶುರು. ಹೋಗಿ ಬರಲು 3.2 ಮೈಲಿ, ಏರು ಸುಮಾರು 900 ಅಡಿ. ಹಿಂದೆ ಕುದುರೆ ಗಾಡಿ ಹೋಗುತ್ತಿದ್ದ ದಾರಿ ಅದು, ಎಲ್ಲೂ ಕಡಿದಾಗಿಲ್ಲ. ಹತ್ತುವಾಗ ಏನೂ ಕಾಣುವುದಿಲ್ಲ, ಸುತ್ತ ಮರ ಅಷ್ಟೇ. ಅಪ್ಪ 'ಇಷ್ಟೇನಾ' ಅನ್ನಬಹುದು. ಕೊನೆಯಲ್ಲಿ ದಾರಿ ಮರಗಳಿಂದ ತಟ್ಟನೆ ಹೊರಗೆ ಬಂದು ಅಗಲವಾದ ಬಂಡೆಯ ಮೇಲೆ ಬಿಡುತ್ತದೆ. ಎದುರಿಗೆ ಇಡೀ ಕಣಿವೆ, ಹಿಮನದಿ ಕೊರೆದ ದೊಡ್ಡ ದೋಣಿಯ ಹಾಗೆ. ಎಡಕ್ಕೆ ಮೌಂಟ್ ವೆಬ್‌ಸ್ಟರ್, ಬಲಕ್ಕೆ ಮೌಂಟ್ ವಿಲ್ಲಿ. ಬೆಳಿಗ್ಗೆ ಹೋದರೆ ವಿಲ್ಲಿ ಕಡೆ ಬಿಸಿಲು, ಮಧ್ಯಾಹ್ನದ ಮೇಲೆ ವೆಬ್‌ಸ್ಟರ್ ಕಡೆ. ಬಂಡೆಯಂಚಿಗೆ ಕಂಬಿ ಇಲ್ಲ, ಫೋಟೋ ಹುಚ್ಚಿನವರು ಯಾರಾದರೂ ಜೊತೆಗಿದ್ದರೆ ಒಂದು ಕಣ್ಣಿಟ್ಟಿರಿ.

ಮಂಜುಳಾ:
ರಾಘು ಹೇಳಿದ್ದು ಸರಿ. ಇನ್ನೊಂದು ಮಾತು: ಅಕ್ಟೋಬರ್ ಎರಡನೇ ಸೋಮವಾರ ರಜೆ. ಆ ವಾರಾಂತ್ಯ ದಯವಿಟ್ಟು ಬೇಡ. ಎಲ್ಲ ಟ್ರೇಲ್‌ಗಳಲ್ಲೂ ಪಾರ್ಕಿಂಗ್ ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ. ವಾರದ ಮಧ್ಯೆ ರಜೆ ಹಾಕಿ ಹೋಗಿ. ವಾಪಸ್ ಬರುವಾಗ ಕ್ಯಾಂಕಮಾಗಸ್ ಹೈವೇ ಹಿಡಿಯಿರಿ, ಲಿಂಕನ್‌ನಿಂದ ಕಾನ್ವೇವರೆಗೆ 34.5 ಮೈಲಿ. ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ, ನಡುವೆ ಒಂದು ಬಂಕೂ ಇಲ್ಲ.

ಸಹನಾ:
ಇಬ್ಬರಿಗೂ ಥ್ಯಾಂಕ್ಸ್. ಕೆಂಪು ಬಣ್ಣ ಇರುತ್ತದಾ? ಅಮ್ಮನಿಗೆ ಬೇಕಾಗಿರುವುದು ಅದೊಂದೇ!

ರಾಘು:
ಹಳದಿಗೆ ಗ್ಯಾರಂಟಿ ಕೊಡಬಹುದು, ಕೆಂಪಿಗೆ ಆಗುವುದಿಲ್ಲ. ಹಳದಿ ಬಣ್ಣ ಬೇಸಿಗೆಯಲ್ಲೂ ಎಲೆಯೊಳಗೇ ಇರುತ್ತದೆ, ಹಸಿರು ಕರಗಿದಾಗ ಹೊರಗೆ ಕಾಣುತ್ತದೆ, ಅಷ್ಟೇ. ಕೆಂಪು ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಅದನ್ನು ಆ ಕೆಲವೇ ವಾರಗಳಲ್ಲಿ ಹೊಸದಾಗಿ ತಯಾರಿಸಬೇಕು. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇದ್ದರೆ ಕೆಂಪು ಜೋರು. ಮೋಡ ಕವಿದುಕೊಂಡೇ ಇದ್ದರೆ ಮಂಕು. ಮಳೆ ಗಾಳಿ ಒಟ್ಟಿಗೆ ಬಂದರಂತೂ ಎಲೆಯೇ ನೆಲದ ಮೇಲೆ.

ಮೇಲೆ ಕೆಂಪು ಸಿಗದಿದ್ದರೆ ಅಮ್ಮನಿಗೆ ಹಾದಿಯ ಪಕ್ಕ ನೋಡಲು ಹೇಳಿ. ಹಾಬಲ್‌ಬುಶ್ ಅಂತ ಒಂದು ಪೊದೆ ಇದೆ, ಸೊಂಟದೆತ್ತರ, ಅಂಗೈ ಅಗಲದ ದುಂಡನೆಯ ಎಲೆ. ಅದು ಎಲ್ಲರಿಗಿಂತ ಬೇಗ ಬಣ್ಣ ತಿರುಗುತ್ತದೆ. ನರಗಳು ಇನ್ನೂ ಹಸಿರಾಗಿದ್ದು ಮಧ್ಯದ ಭಾಗ ನೇರಳೆಗೆಂಪಾಗಿರುವ ಎಲೆಗಳು ಸಿಗುತ್ತವೆ. ಜನ ಮೇಲೆ ನೋಡುತ್ತಾ ಇದನ್ನು ತುಳಿದುಕೊಂಡೇ ಹೋಗುತ್ತಾರೆ.

ಇಳಿಯುವಾಗ ಹುಷಾರು. ಒದ್ದೆ ಎಲೆಯ ಕೆಳಗೆ ಬೇರು, ಕಲ್ಲು ಕಾಣುವುದಿಲ್ಲ, ಜಾರುತ್ತದೆ. ಅಮ್ಮನಿಗೆ ಎರಡು ಟ್ರೆಕಿಂಗ್ ಕೋಲು ಕೊಡಿ, ಒಂದಲ್ಲ. ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡೊಳಗೆ ಅದಕ್ಕೂ ಮುಂಚೆ ಕತ್ತಲು. ಹೆಡ್‌ಲ್ಯಾಂಪ್ ಬ್ಯಾಗಿನಲ್ಲಿರಲಿ, ಫೋನ್ ಟಾರ್ಚ್ ನಂಬಬೇಡಿ.

ಸಹನಾ:
ಮನೆಯವರಿಗೆ ಎಲ್ಲ ಓದಿ ಹೇಳಿದೆ. ರಿಡ್ಜ್ ಕೈಬಿಟ್ಟರು. ಈಗ ಬಂಡೆ ಮೇಲಿಂದ ರೈಲು ಕಾಣುತ್ತದಾ ಅಂತ ಕೇಳುತ್ತಿದ್ದಾರೆ.

ರಾಘು:
ಕಾಣುತ್ತದೆ. ಪ್ರವಾಸಿಗರ ರೈಲು ಆ ಕಣಿವೆಯಲ್ಲೇ ಓಡುತ್ತದೆ. ಬಲಗಡೆ ಇಳಿಜಾರಿನ ಮಧ್ಯೆ ಹಳಿ ಇದೆ, ರಸ್ತೆ ಅದಕ್ಕಿಂತ ಕೆಳಗೆ. ಹೊರಡುವ ಮುಂಚೆ ಆ ದಿನದ ರೈಲಿನ ಸಮಯ ನೋಡಿಕೊಂಡು, ಅದಕ್ಕೆ ಒಂದೂವರೆ ಗಂಟೆ ಮೊದಲೇ ಹತ್ತಲು ಶುರು ಮಾಡಿ.