ರಂಧ್ರಯುಕ್ತ ಸೆರಾಮಿಕ್ ಕಸಿಯಲ್ಲಿ ಕ್ಯಾನ್ಸರ್ ಔಷಧ: ಡ್ರಿಪ್ ಮೂಲಕ ಕೊಡುವ ಕೀಮೋಗೆ ಇದು ಬದಲಿಯಾದೀತೇ?

ಪ್ರಶ್ನೆ (ಮೆಟೀರಿಯಲ್ಸ್ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ):
ಮೂಳೆಯ ಗಡ್ಡೆಯನ್ನು ತೆಗೆದ ಮೇಲೆ ಉಳಿಯುವ ಪೊಳ್ಳಿನಲ್ಲಿ ರಂಧ್ರಯುಕ್ತ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜವನ್ನು ಹೋಲುವ ಕ್ಯಾಲ್ಸಿಯಂ ಸೆರಾಮಿಕ್) ತುಂಡನ್ನು ಕೂರಿಸಿ, ಅದರೊಳಗೆ ಕ್ಯಾನ್ಸರ್ ಔಷಧವನ್ನು ತುಂಬಿಟ್ಟರೆ ಅದು ನಿಧಾನವಾಗಿ ಹೊರಬರುತ್ತದೆಂಬುದನ್ನು ಜಪಾನಿನ ಸಂಶೋಧಕರು 1992ರಲ್ಲಿಯೇ ಪ್ರಕಟಿಸಿದ್ದಾರೆ. ಹಾಗಿದ್ದರೂ ಆಸ್ಟಿಯೋಸಾರ್ಕೋಮಾ (ಒಂದು ಬಗೆಯ ಮೂಳೆ ಕ್ಯಾನ್ಸರ್) ಬಂದ ಮಕ್ಕಳಿಗೆ ಇಂದಿಗೂ ರಕ್ತನಾಳದ ಮೂಲಕವೇ ಕೀಮೋ ಕೊಡುವುದೇಕೆ? ಅಲ್ಲದೆ, 1,000 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಸುಡುವ ವಸ್ತುವಿನೊಳಗೆ ಔಷಧ ಕೆಡದೆ ಉಳಿಯುವುದು ಹೇಗೆ?

ಉತ್ತರ 1 (ಬಯೋಸೆರಾಮಿಕ್ಸ್ ಸಂಶೋಧಕ):
ಎರಡನೆಯ ಪ್ರಶ್ನೆ ಸುಲಭದ್ದು. ಸುಟ್ಟು ಆರಿದ ತುಂಡನ್ನು ಔಷಧದ ದ್ರಾವಣದಲ್ಲಿ ಮುಳುಗಿಸಿ, ನಿರ್ವಾತದಿಂದ ರಂಧ್ರಗಳ ಗಾಳಿಯನ್ನು ಹೊರಗೆಳೆದು, ಬಳಿಕ ಒಣಗಿಸುತ್ತಾರೆ. ಹೀಗಾಗಿ ಔಷಧಕ್ಕೆ ಕುಲುಮೆಯ ಶಾಖ ತಾಗುವುದೇ ಇಲ್ಲ.

ನಿಜವಾದ ತೊಡಕಿರುವುದು ಬಿಡುಗಡೆಯಲ್ಲಿ. ಜೀವಕೋಶಗಳೂ ರಕ್ತನಾಳಗಳೂ ಒಳಹೊಕ್ಕು ಹೊಸ ಮೂಳೆ ಬೆಳೆಯಬೇಕಾದರೆ 100ರಿಂದ 500 ಮೈಕ್ರೋಮೀಟರ್ ಅಗಲದ, ಒಂದಕ್ಕೊಂದು ಕೂಡಿಕೊಂಡ ರಂಧ್ರಗಳು ಬೇಕು. ಆದರೆ ಔಷಧದ ಅಣುವಿಗೆ ಅದು ಹೆಬ್ಬಾಗಿಲು, ಆದ್ದರಿಂದ ತುಂಬಿದ್ದರಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲಿಯೇ ಕರಗಿ ಹೋಗಬಹುದು. ಇದನ್ನು ತಡೆಯಲು ಗೋಡೆಗಳಿಗೆ ಕರಗುವ ಪಾಲಿಮರಿನ ಲೇಪ ಕೊಡುತ್ತಾರೆ, ಇಲ್ಲವೇ 2ರಿಂದ 50 ನ್ಯಾನೋಮೀಟರಿನ ಸೂಕ್ಷ್ಮ ರಂಧ್ರಗಳನ್ನು ಬೇರೆಯಾಗಿ ರೂಪಿಸುತ್ತಾರೆ. ಜೊಲೆಡ್ರೋನೇಟಿನಂತಹ ಬಿಸ್ಫಾಸ್ಫೋನೇಟುಗಳು (ಮೂಳೆ ಸವೆಯುವುದನ್ನು ತಡೆಯುವ ಔಷಧಗಳು) ಮಾತ್ರ ತುಂಡಿನ ಕ್ಯಾಲ್ಸಿಯಂಗೆ ತಾವೇ ಬಲವಾಗಿ ಅಂಟಿಕೊಳ್ಳುತ್ತವೆ. ರಂಧ್ರ ಹೆಚ್ಚಿದಷ್ಟೂ ತುಂಡು ದುರ್ಬಲವಾಗುವುದರಿಂದ, ಮೊಣಕಾಲಿನ ಭಾರ ಹೊರಲು ಲೋಹದ ಆಸರೆ ಹೇಗೂ ಬೇಕಾಗುತ್ತದೆ.

ಉತ್ತರ 2 (ಮೂಳೆ ಗಡ್ಡೆಗಳ ಶಸ್ತ್ರವೈದ್ಯ):
ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮೂಳೆಯಲ್ಲಿಲ್ಲ, ಶ್ವಾಸಕೋಶದಲ್ಲಿದೆ. ಕೀಮೋ ಇಲ್ಲದೆ ಕೈಕಾಲು ಕತ್ತರಿಸುವುದಷ್ಟೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಸುಮಾರು ಐವರಲ್ಲಿ ನಾಲ್ವರು ಸಾಯುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ರೋಗ ಮೊದಲೇ ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶವನ್ನು ಸೇರಿರುತ್ತಿತ್ತು. ತೊಡೆಮೂಳೆಯಲ್ಲಿ ಕೂರಿಸಿದ ತುಂಡು ಅಲ್ಲಿಗೆ ಔಷಧವನ್ನು ಮುಟ್ಟಿಸಲಾರದು. ಅಲ್ಲದೆ, ಅಧಿಕ ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ ಕೊಟ್ಟಾಗ ನಾವು ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುತ್ತಾ ಅದರ ವಿಷಪರಿಣಾಮದಿಂದ ಕಾಪಾಡುವ ಲ್ಯೂಕೋವೊರಿನ್ ಕೊಟ್ಟು ಅಪಾಯವನ್ನು ತಡೆಯುತ್ತೇವೆ, ಬೇಕೆಂದಾಗ ಡ್ರಿಪ್ ನಿಲ್ಲಿಸುತ್ತೇವೆ. ಒಳಗೆ ಕೂತ ತುಂಡಿನಿಂದ ಔಷಧ ಸುರಿಯುವುದನ್ನು ಮತ್ತೊಮ್ಮೆ ಕೊಯ್ಯದೆ ನಿಲ್ಲಿಸಲಾಗದು. ಅದೇ ಔಷಧ ಮೂಳೆ ಕಟ್ಟುವ ಕೋಶಗಳನ್ನೂ ಕೊಲ್ಲುತ್ತದೆಂಬುದನ್ನು ಮರೆಯಬಾರದು.

ಹಾಗೆಂದು ಈ ವಿಚಾರ ವ್ಯರ್ಥವಲ್ಲ. ಕೆರೆದು ತೆಗೆದರೂ ಮರಳಿ ಬರುವ ಜೈಂಟ್ ಸೆಲ್ ಎಂಬ ಮೂಳೆಯ ಗಡ್ಡೆಗೆ, ಅಥವಾ ಬೆನ್ನುಮೂಳೆಗೆ ಹರಡಿದ ಕ್ಯಾನ್ಸರನ್ನು ಆ ಜಾಗದಲ್ಲೇ ಹಿಡಿದಿಡಲು ಸ್ಥಳೀಯ ಔಷಧ ನೆರವಾಗಬಹುದು. ಶಸ್ತ್ರಚಿಕಿತ್ಸೆಯ ಪೊಳ್ಳಿನಲ್ಲಿ ಔಷಧ ಇಡುವ ಪದ್ಧತಿಗೆ ಪೂರ್ವನಿದರ್ಶನವೂ ಉಂಟು: ಮೆದುಳಿನ ಗಡ್ಡೆಗೆ ಕಾರ್ಮುಸ್ಟಿನ್ ಎಂಬ ಕೀಮೋ ಔಷಧದ ಬಿಲ್ಲೆಗಳನ್ನು ಅಮೆರಿಕ 1996ರಲ್ಲಿಯೇ ಒಪ್ಪಿಕೊಂಡಿತು.

ಉತ್ತರ 3 (ಪ್ರಶ್ನೆ ಕೇಳಿದವರು):
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನನ್ನ ಪ್ರಬಂಧದಲ್ಲಿ ಔಷಧ ಎಷ್ಟು ದಿನ ಹೊರಬರುತ್ತದೆ ಎಂಬುದನ್ನಷ್ಟೇ ಅಳೆದರೆ ಸಾಲದು. ಆ ಮಟ್ಟದಲ್ಲಿ ಗಡ್ಡೆಯ ಕೋಶಗಳ ಜೊತೆಗೆ ಆಸ್ಟಿಯೋಬ್ಲಾಸ್ಟುಗಳು (ಮೂಳೆ ಕಟ್ಟುವ ಕೋಶಗಳು) ಎಷ್ಟು ಉಳಿಯುತ್ತವೆ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.

ಉತ್ತರ 4 (ಬಯೋಸೆರಾಮಿಕ್ಸ್ ಸಂಶೋಧಕ):
ಹೌದು, ಎರಡನ್ನೂ ಒಟ್ಟಿಗೆ ಬೆಳೆಸಿ ನೋಡಿರಿ. ನಿಂತ ದ್ರವದ ಬದಲು ಹರಿಯುವ ದ್ರವದಲ್ಲಿ ಅಳೆಯುವುದು ಒಳ್ಳೆಯದು. ಬೀಕರಿನಲ್ಲಿ ಸಿಕ್ಕ ಅಂಕಿಗಳು ದೇಹದೊಳಗೆ ಹಾಗೆಯೇ ಸಿಗುವುದಿಲ್ಲ.