ಒಂದು ದಿನ ವೀಲ್‌ಚೇರ್‌ನಲ್ಲಿ ಕೂರಿಸಿದರೆ ಸಾಕಾ?

ಪ್ರಶ್ನೆ: ಫಾರ್ಮಸಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಅಂಗವೈಕಲ್ಯ ಇರುವ ರೋಗಿಗಳ ಕಷ್ಟ ಅರ್ಥವಾಗಲಿ ಅಂತ ಒಂದು ದಿನ ಎಲ್ಲರನ್ನೂ ವೀಲ್‌ಚೇರ್‌ನಲ್ಲಿ ಓಡಾಡಿಸೋಣ ಅಂತಿದ್ದೇನೆ. ಸರಿ ಹೋಗುತ್ತಾ ಸರ್?

ಉತ್ತರ (ಫಾರ್ಮಸಿಸ್ಟ್): ಅದೊಂದೇ ಆದರೆ ಬೇಡ ಮೇಡಂ. ಒಂದು ದಿನ ಕೂತು ಎದ್ದವರಿಗೆ ಮೊದಲ ದಿನದ ಗಾಬರಿ ಗೊತ್ತಾಗುತ್ತದೆ, ಅಷ್ಟೆ. ವರ್ಷಗಟ್ಟಲೆ ಹಾಗೇ ಓಡಾಡಿ, ದುಡಿದು, ಸಂಸಾರ ನಡೆಸುವವರ ಜಾಣ್ಮೆ ಕಾಣುವುದಿಲ್ಲ. ಕೊನೆಗೆ ‘ಅಯ್ಯೋ ಪಾಪ’ ಒಂದೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಆರು ಜನರಲ್ಲಿ ಒಬ್ಬರಿಗೆ ಗಮನಾರ್ಹ ವೈಕಲ್ಯ ಇದೆ. ಒಂದು ದಿನದಲ್ಲಿ ಮುಗಿಸುವ ಪಾಠ ಇದಲ್ಲ.

ನಾನು ಬಾಟಲಿಯಿಂದ ಶುರು ಮಾಡುತ್ತೇನೆ. ಎರಡೆರಡು ಬೆರಳು ಸೇರಿಸಿ ಟೇಪ್ ಸುತ್ತಿ, ಒತ್ತಿ ತಿರುಗಿಸುವ ಮುಚ್ಚಳ ತೆಗೆಯಿರಿ ಅನ್ನುತ್ತೇನೆ. ಹಲ್ಲಲ್ಲಿ ಕಚ್ಚುತ್ತಾರೆ, ತೊಡೆ ಮಧ್ಯೆ ಸಿಕ್ಕಿಸಿಕೊಳ್ಳುತ್ತಾರೆ, ಮಾತ್ರೆಗಳೆಲ್ಲ ನೆಲದ ಮೇಲೆ! ಮಕ್ಕಳ ಕೈಗೆ ಸಿಗದಿರಲಿ ಅಂತ ಮಾಡಿದ ಮುಚ್ಚಳ ಸಂಧಿವಾತ ಇರುವವರಿಗೂ ಬಗ್ಗುವುದಿಲ್ಲ. ಸುಲಭದ ಮುಚ್ಚಳ ಕೊಡಬಹುದು. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ ಕೇಳಿಯೇ ಕೊಡಬೇಕು. ಇನ್‌ಹೇಲರ್ ಆದರೆ ಅವರ ಕೈಯಲ್ಲೇ ಒತ್ತಿಸಿ ನೋಡಬೇಕು.

ಆಮೇಲೆ, ಅಂಗವೈಕಲ್ಯ ಇರುವವರನ್ನೇ ತರಗತಿಗೆ ಕರೆಯಿರಿ. ಮೇಷ್ಟರಾಗಿ, ಸಂಭಾವನೆ ಕೊಟ್ಟು. ನಮ್ಮಲ್ಲಿಗೆ ಬಂದ ಒಬ್ಬರು ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆಗಾಗ ಬಿಡುತ್ತಿದ್ದರು. ‘ಮರೆವು’ ಅಂತ ವಿದ್ಯಾರ್ಥಿ ಬರೆದುಕೊಂಡ. ಯಾಕೆ ಬಿಡುತ್ತೀರಿ ಅಂತ ನಾನು ಕೇಳಿದೆ. ‘ಹೊರಗೆ ಹೋಗುವ ದಿನ ತಗೊಳ್ಳಲ್ಲ. ನನ್ನ ವೀಲ್‌ಚೇರ್ ಒಳಗೆ ಹೋಗುವ ಶೌಚಾಲಯ ಎಲ್ಲಿದೆ?’ ಅಂದರು. ಹುಡುಗ ಬರೆದದ್ದನ್ನು ಹೊಡೆದುಹಾಕಿದ. ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳೋಣ ಅಂತ ಅವನಿಗೇ ಹೊಳೆಯಿತು.

ಗುಂಪಿನ ಇನ್ನೊಬ್ಬ ಸದಸ್ಯೆ: ನನಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುವ ಸ್ಥಿತಿ), ಮಾತು ನಿಧಾನ. ಕೌಂಟರಿನಲ್ಲಿ ನನ್ನನ್ನು ಬಿಟ್ಟು ಪಕ್ಕದಲ್ಲಿರುವ ತಮ್ಮನನ್ನು ಕೇಳುತ್ತಾರೆ, ‘ಇವರು ಊಟಕ್ಕೆ ಮುಂಚೆ ತಗೋತಾರಾ?’ ದಯವಿಟ್ಟು ಇದನ್ನೂ ಕಲಿಸಿ.

ಉತ್ತರ: ಖಂಡಿತ ಮೇಡಂ. ಕಾಯುವುದನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ನೀವು ಹೇಳಿ ಮುಗಿಸುವ ಮೊದಲೇ ಅವರೇ ಮುಗಿಸಿಬಿಡುತ್ತಾರೆ ಅಲ್ವಾ? ಅರ್ಥವಾಗದಿದ್ದರೆ ‘ಇನ್ನೊಂದು ಸಲ ಹೇಳಿ’ ಅನ್ನಬೇಕು. ಸುಮ್ನೆ ತಲೆಯಾಡಿಸಿದರೆ ಡೋಸೇ ತಪ್ಪಿಹೋಗಬಹುದು.

ಪ್ರಶ್ನೆ: ಇದಕ್ಕೆಲ್ಲ ಅಂಕ ಹೇಗೆ ಕೊಡೋದು ಸರ್?

ಉತ್ತರ: ಪ್ರಾಕ್ಟಿಕಲ್‌ಗೆ ಸೇರಿಸಿ. ನುಂಗಲು ಕಷ್ಟ ಆಗುತ್ತಾ ಅಂತ ವಿದ್ಯಾರ್ಥಿ ಕೇಳಿದನಾ ನೋಡಿ. ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ಪುಡಿ ಮಾಡಿಕೊಳ್ಳುತ್ತಾರೆ. ನಿಧಾನವಾಗಿ ಕರಗಬೇಕಾದ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರಬಹುದು. ಈ ಅಂಕ ನೀವು ಹಾಕಿ. ಯಾರ ಮುಖ ನೋಡಿ ಮಾತಾಡಿದ, ಉತ್ತರಕ್ಕೆ ಎಷ್ಟು ಹೊತ್ತು ಕಾದ, ಅದಕ್ಕೆ ಬಂದ ಮೇಷ್ಟರೇ ಹಾಕಲಿ.